ಇವತ್ತು ಇಲಿಗಳ ಸುದ್ದಿ ಏನು?

ಸಂಶೋಧನಾಲಯದ ಇಲಿಕೋಣೆಯಲ್ಲಿ ಅವಳದು ಆರು ವರ್ಷದ ಕೆಲಸ. ಬೆಳಗ್ಗೆ ಎಂಟಕ್ಕೆ ಟೋಪಿ, ಕೈಗವಸು ಹಾಕಿಕೊಂಡು ಒಳಗೆ ಹೋದರೆ, ಗೂಡುಗಳ ಹಾಸು ಬದಲಿಸಿ, ನೀರಿನ ಬಾಟಲಿ ತುಂಬಿ, ಒಂದೊಂದು ಇಲಿಯನ್ನೂ ಡಬ್ಬಿಯಲ್ಲಿ ಕೂರಿಸಿ ತೂಗಿ ಬರೆಯುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿ ಎಲ್ಲರೂ ಅವಳನ್ನು ಇಲಿಯಕ್ಕ ಎನ್ನುತ್ತಿದ್ದರು. ‘ಮುಂಚೆ ಬಟ್ಟೆ ಅಂಗಡೀಲಿದ್ದಾಗ ಏಯ್ ಅಂತಿದ್ರು. ಇಲ್ಲಿ ಅಕ್ಕನಾದ್ರೂ ಆದ್ನಲ್ಲ’ ಎಂದು ಅವಳು ನಗುತ್ತಿದ್ದಳು.

ಅವಳು ಚೊಚ್ಚಲ ಬಸಿರಾದ ಹೊತ್ತಿಗೇ ಆ ಕೋಣೆಗೊಂದು ಹೊಸ ಪ್ರಯೋಗ ಬಂತು. ವಿಜ್ಞಾನಿ ಮೇಡಂ ಗಬ್ಬದ ಇಲಿಗಳನ್ನು ಎರಡು ಸಾಲು ಮಾಡಿಸಿದರು. ಎಡಸಾಲಿಗೆ ಒಳ್ಳೆಯ ಮೇವು. ಬಲಸಾಲಿಗೂ ಅಷ್ಟೇ ತೂಕದ, ಅದೇ ಬಣ್ಣದ ಮೇವು, ಆದರೆ ಅದರಲ್ಲಿ ಪ್ರೋಟೀನ್ ಅರ್ಧಕ್ಕೂ ಕಡಿಮೆ. ಮರಿ ಹುಟ್ಟಿದ ದಿನದಿಂದ ಎಲ್ಲಕ್ಕೂ ಒಂದೇ ಒಳ್ಳೆಯ ಮೇವು.

‘ಬಲಸಾಲಿನವಕ್ಕೆ ಹೊಟ್ಟೆಯೇನೋ ತುಂಬುತ್ತೆ ಮೇಡಂ. ಒಳಗಿರೋ ಮರಿಗೆ ಏನು ಸಿಗುತ್ತೆ?’

‘ಅದನ್ನೇ ನೋಡೋಕೆ ಹೊರಟಿರೋದು’ ಎಂದರು ಮೇಡಂ.

ಬಲಸಾಲಿನ ಮರಿಗಳು ಹುರುಳಿಕಾಳಿನ ಹಾಗೆ ಸಣ್ಣಗೆ ಹುಟ್ಟಿದವು.

ಮನೆಯಲ್ಲಿ ಅತ್ತೆಯ ಆಡಳಿತ ಶುರುವಾದದ್ದು ಸೊಸೆಗೆ ನಾಲ್ಕು ತಿಂಗಳು ತುಂಬಿದ ಮೇಲೆ. ಅತ್ತೆ ಹೊಲಿಗೆಯವಳು. ಮುಂದಿನ ಕೋಣೆಯೇ ಅವಳ ಅಂಗಡಿ. ಯಂತ್ರ ಬಿಟ್ಟೆದ್ದು ಅಡುಗೆಮನೆಗೆ ಬಂದವಳೇ ಸೊಸೆಯ ತಟ್ಟೆಯಿಂದ ಮೊಟ್ಟೆ ತೆಗೆದಳು, ಬೇಳೆ ತೆಗೆದಳು, ಹಾಲು ಅರ್ಧ ಲೋಟಕ್ಕಿಳಿಸಿದಳು. ಉಳಿದದ್ದು ಗಂಜಿ.

‘ಮಗು ದಪ್ಪ ಆದ್ರೆ ಹೆರಿಗೆ ಕಷ್ಟ ಆಗುತ್ತಮ್ಮ. ಸಣ್ಣದಾಗಿ ಹುಟ್ಟಲಿ, ಆಮೇಲೆ ಬೇಕಾದಷ್ಟು ಬೆಳೆಸೋಣ.’

‘ನರ್ಸು ಚೆನ್ನಾಗಿ ತಿನ್ನು ಅಂದ್ರು ಅತ್ತೆ.’

‘ಹೆರೋದು ನೀನಾ, ಆ ನರ್ಸಾ?’

ಅತ್ತೆಯದು ಜಿಪುಣತನವಲ್ಲ, ಹೆದರಿಕೆ. ಅವಳ ಮೊದಲ ಹೆರಿಗೆ ಎರಡು ದಿನ ಎಳೆದು, ಮಗು ಉಳಿದಿರಲಿಲ್ಲ. ಎರಡನೆಯ ಸಲ ಅವಳ ಅತ್ತೆ ಹೇಳಿದಂತೆ ಒಂಬತ್ತು ತಿಂಗಳೂ ಗಂಜಿ ಕುಡಿದೇ ಕಳೆದಳು. ಮಗ ಅಂಗೈಯಗಲ ಹುಟ್ಟಿದ, ಬದುಕಿದ. ಇದೆಲ್ಲ ಗೊತ್ತಿದ್ದ ಸೊಸೆಗೆ ಎದುರಾಡಲು ಬಾಯಿ ಬರಲಿಲ್ಲ. ಕ್ಯಾಂಟೀನಿನಲ್ಲಿ ಕದ್ದು ತಿನ್ನೋಣವೆಂದರೆ ಅತ್ತೆಯ ಮುಖವೇ ಕಣ್ಣೆದುರು. ಹಾಗಾಗಿ ಒಂದು ಸಂಜೆ, ಬೇರೆ ದಾರಿ ಕಾಣದೆ, ಇಲಿಗಳ ಕಥೆ ತೆಗೆದಳು.

‘ನಾನು ಇಲಿ ನೋಡಿ ಕಲೀಬೇಕೇನೇ?’ ಎಂದು ಅತ್ತೆ ರೇಗಿದಳು. ಆದರೆ ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ಅಲ್ಲೇ ನಿಂತಿತ್ತು. ‘ಎಷ್ಟು ಸಣ್ಣ ಹುಟ್ಟಿದ್ವು?’

ಮರುದಿನ ಸೊಸೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಕಾದಿತ್ತು. ‘ಇವತ್ತು ಇಲಿಗಳ ಸುದ್ದಿ ಏನು?’

ದಿನವೂ ಅದೇ ಆಯಿತು. ಯಾವ ಸಾಲಿನದು ಎಷ್ಟು ತೂಗಿತು, ಯಾವುದು ಚುರುಕು, ಯಾವುದು ಮಂಕು? ಬಟ್ಟೆ ಕೊಡಲು ಬಂದವರಿಗೂ ಅತ್ತೆ ಇಲಿಗಳ ಯೋಗಕ್ಷೇಮ ಒಪ್ಪಿಸತೊಡಗಿದಳು. ಸೊಸೆಗೆ ಆರು ತಿಂಗಳು ತುಂಬುವ ಹೊತ್ತಿಗೆ ಬಲಸಾಲಿನ ಮರಿಗಳು ದಡದಡ ಬೆಳೆದು ಎಡಸಾಲನ್ನೂ ಮೀರಿದಾಗ ಅವಳ ಖುಷಿ ಕೇಳಬೇಕೆ!

‘ನೋಡಿದ್ಯಾ? ನಾನು ಹೇಳಿರಲಿಲ್ವಾ? ಸಣ್ಣ ಹುಟ್ಟಿದ್ದೇ ಗುಂಡುಗುಂಡಾಗಿದೆ. ಮುಚ್ಚಿಕೊಂಡು ಗಂಜಿ ಕುಡಿ.’

ಸೊಸೆಗೂ ಗೊಂದಲವಾಯಿತು. ಮೇಡಂ ಹತ್ತಿರ ಹೋಗಿ ಕೇಳಿದಳು, ‘ಗೆದ್ದಿದ್ದು ಬಲಸಾಲೇ ಅಲ್ವಾ ಮೇಡಂ?’

‘ಈ ವಾರ ರಕ್ತ ತೆಗೀತೀವಿ. ತಾಳು.’ ಮೇಡಂ ಕನ್ನಡಕ ಮೇಲೇರಿಸಿದರು. ‘ಅಷ್ಟು ಕುತೂಹಲ ಇದ್ರೆ ನಿಮ್ಮತ್ತೇನೂ ಕರ್ಕೊಂಡು ಬಾ.’

ಅತ್ತೆ ಹಬ್ಬಕ್ಕೆ ಹೊರಟವಳಂತೆ ತಯಾರಾಗಿ ಬಂದಳು. ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿಸಿದಾಗ ‘ನಾನೇನು ಇಲಿ ಕಚ್ತೀನಾ?’ ಎಂದು ಗೊಣಗಿದಳು. ಗೂಡುಗಳ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಬಲಸಾಲಿನವು ದುಂಡಗೆ, ಮೂಲೆ ಹಿಡಿದು ಮಲಗಿದ್ದವು. ಹೊರಗೆ ಬಂದ ಮೇಲೆ ಮೇಡಂ ಅಂದೇ ಬಂದಿದ್ದ ರಕ್ತಪರೀಕ್ಷೆಯ ಹಾಳೆ ತೋರಿಸಿದರು. ಬಲಸಾಲಿನ ಹತ್ತರಲ್ಲಿ ಏಳಕ್ಕೆ ರಕ್ತದಲ್ಲಿ ಸಕ್ಕರೆ ಏರಿತ್ತು. ಎಡಸಾಲಿನಲ್ಲಿ ಒಂದಕ್ಕೆ ಮಾತ್ರ.

‘ಹುಟ್ಟಿದ ಮೇಲೆ ಎಲ್ಲಾ ಒಂದೇ ತಿಂದಿದ್ವಲ್ಲ?’ ಎಂದಳು ಅತ್ತೆ.

‘ತಿಂದಿದ್ವು. ಆದ್ರೆ ಹೊಟ್ಟೇಲಿದ್ದಾಗ ಕಡಿಮೆ ಸಿಕ್ಕಿದ ಮರಿಯ ಮೈ, ಹೊರಗೂ ಹೀಗೇ ಇರುತ್ತೆ ಅಂದ್ಕೊಂಡು ಸಿಕ್ಕಿದ್ದನ್ನೆಲ್ಲ ಕೂಡಿಟ್ಟುಕೊಳ್ಳೋಕೆ ಶುರು ಮಾಡುತ್ತೆ ಅಂತ ನಮ್ಮ ಊಹೆ.’

ಅತ್ತೆ ಟೋಪಿ ತೆಗೆದು ಅದರ ಅಂಚನ್ನು ಹಿಂಡುತ್ತ ನಿಂತಳು. ಅವಳ ಮಗ, ಬಸ್ ಡ್ರೈವರು, ಮೂವತ್ತೊಂದಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದ. ಸೊಸೆಗೆ ಅದು ಹೊಳೆದದ್ದೇ ಅತ್ತೆಯ ಮುಖ ನೋಡಿದಾಗ.

‘ಹಾಗಾದ್ರೆ ನನ್ನ ಮಗನಿಗೆ... ನನ್ನಿಂದಲೇನಮ್ಮಾ?’

ಮೇಡಂ ಕುರ್ಚಿ ಎಳೆದು ಅವಳನ್ನು ಕೂರಿಸಿದರು. ‘ಅದನ್ನ ಯಾರೂ ಹೇಳೋಕಾಗಲ್ಲ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಅವನು ದಿನವಿಡೀ ಕೂತು ಬಸ್ ಓಡಿಸ್ತಾನೆ, ಹೊತ್ತಲ್ಲದ ಹೊತ್ತಲ್ಲಿ ತಿಂತಾನೆ. ನೂರು ಕಾರಣ ಇರುತ್ತೆ. ನೀವು ಮಗು ಉಳೀಲಿ ಅಂತ ಮಾಡಿದ್ರಿ. ಅವತ್ತು ನಿಮಗೆ ಬೇರೆ ಹೇಳೋರು ಯಾರಿದ್ರು?’

ಅತ್ತೆ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ಸೊಸೆಗೆ ತಿಳಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬೆರಳು ಮಡಿಸಿ ಎಣಿಸಿದಳು.

‘ಇನ್ನೂ ಮೂರು ತಿಂಗಳಿದೆ ಅಲ್ವಾ?’

‘ಹ್ಞೂಂ.’

ಬಸ್ಸಿಳಿದು ನೇರ ಅಂಗಡಿಗೆ ನಡೆದ ಅತ್ತೆ ಒಂದು ಡಜನ್ ಮೊಟ್ಟೆ, ಬೇಳೆ, ಸೊಪ್ಪು ಕಟ್ಟಿಸಿಕೊಂಡಳು. ಅಂದಿನಿಂದ ಸೊಸೆಯ ಪಾಡು ತಿರುಗುಮುರುಗಾಯಿತು. ಹೊಟ್ಟೆ ಬಿರಿಯುವಂತೆ ಬಡಿಸಿ, ‘ಸಾಕು ಅತ್ತೆ’ ಎಂದರೆ ಕಣ್ಣು ಬಿಡುತ್ತಿದ್ದಳು. ಕೊನೆಗೆ ನರ್ಸೇ ‘ಇಷ್ಟೊಂದು ಬೇಡಮ್ಮ, ಹದವಾಗಿರಲಿ’ ಎನ್ನಬೇಕಾಯಿತು. ಅತ್ತೆಯ ಹೆದರಿಕೆ ಮಾತ್ರ ಹೋಗಿರಲಿಲ್ಲ. ಹೆರಿಗೆಯ ದಿನ ಹನ್ನೊಂದು ತಾಸು ಆಸ್ಪತ್ರೆಯ ಬೆಂಚಿನ ಮೇಲೆ ಮಗನ ಕೈ ಹಿಡಿದು ಕೂತಿದ್ದಳು. ಹೆಣ್ಣುಮಗು, ಎರಡು ಕಿಲೋ ಒಂಬೈನೂರು ಗ್ರಾಂ. ತಾಯಿ, ಮಗು ಇಬ್ಬರೂ ಕ್ಷೇಮ. ಅತ್ತೆ ನರ್ಸಿಗೆ ಮಗುವನ್ನು ಇನ್ನೊಮ್ಮೆ ತೂಗಲು ಹೇಳಿ ಬೈಸಿಕೊಂಡಳು.

ಎರಡು ತಿಂಗಳ ಮೇಲೆ ಮೇಡಂ ಮಗುವನ್ನು ನೋಡಲು ಮನೆಗೆ ಬಂದರು. ಮಗು ಅಮ್ಮನ ಎದೆಗಂಟಿ ಹಾಲು ಕುಡಿಯುತ್ತಿತ್ತು. ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.

‘ಒಂದು ಮಾತು ಕೇಳ್ಲಾ ಮೇಡಮ್ಮಾ? ಬಹಳ ದಿನದಿಂದ ತಲೇಲಿ ಕೊರೀತಿದೆ. ಆ ಬಲಸಾಲಿನ ಗಂಡುಮರಿಗಳಿವೆಯಲ್ಲ, ಒಳ್ಳೇದು ತಿಂದ ಹೆಣ್ಣಿಗೆ ಅವುಗಳಿಂದ ಮಕ್ಕಳಾದ್ರೆ ಹೇಗಿರ್ತಾವೆ? ಅಜ್ಜಿ ತಿನ್ನದೇ ಇದ್ದದ್ದು ಅಲ್ಲಿಗೂ ಮುಟ್ಟುತ್ತಾ?’

ಮೇಡಂ ಕಾಫಿ ಲೋಟ ಕೆಳಗಿಟ್ಟರು.

‘ನಮ್ಮಿಲಿಗಳಲ್ಲಿ ಇನ್ನೂ ನೋಡಿಲ್ಲಮ್ಮ. ಬರೋ ತಿಂಗಳು ಅದನ್ನೇ ಶುರು ಮಾಡ್ತೀವಿ.’

‘ಬೇಗ ಮಾಡಿ ಮತ್ತೆ’ ಎಂದಳು ಅತ್ತೆ. ‘ನನಗೂ ವಯಸ್ಸಾಗ್ತಿದೆ.’