ತುದಿಯ ಎಲೆ

ಬಾಗಿಲ ಮುಂದಿನ ತೊಗ್ರಾಕ್ ಮರದ ತೊಗಟೆಯ ಮೇಲೆ ಒಸರಿ ಗಟ್ಟಿಯಾಗಿದ್ದ ಬಿಳಿ ಉಪ್ಪನ್ನು ರೋಜಿಖಾನ್ ಕೆರೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹಿಟ್ಟು ಉಬ್ಬುವುದಕ್ಕೂ ಅದೇ, ಬಟ್ಟೆಯ ಕೊಳೆ ತೆಗೆಯುವುದಕ್ಕೂ ಅದೇ. ಕೈ ಮಾತ್ರ ಕೆಲಸದ ಮೇಲಿತ್ತು, ಜೀವವೆಲ್ಲ ಕೆರೆಯ ಕಡೆಗೆ. ನಿನ್ನೆ ನೀರಿನ ಅಂಚಿಗೆ ನೆಟ್ಟಿದ್ದ ಜೊಂಡಿನ ಕಡ್ಡಿ ಇವತ್ತು ಕೆಸರಿನಲ್ಲಿ ನಿಂತಿತ್ತು. ಕೆರೆಗೆ ನೀರು ತರುತ್ತಿದ್ದ ತಾರಿಮ್ ನದಿ ದಾರಿ ಬದಲಿಸಿಬಿಟ್ಟಿತ್ತು. ಅದೇನು ಯಾರನ್ನಾದರೂ ಕೇಳಿಕೊಂಡು ಹೋಗುತ್ತದೆಯೇ? ಲೋಪ್ ಸೀಮೆಯ ಬೆಸ್ತರೆಲ್ಲ ಮೇಲುಗಡೆಯ ಹೊಸ ಕೆರೆಗೆ ಹೊರಟುಹೋಗಿದ್ದರು. ಅದನ್ನು ನೋಡಿ ಬರುತ್ತೇನೆಂದು ಹೋದ ಗಂಡ ತುರ್ದಿ ಇನ್ನೂ ಬಂದಿರಲಿಲ್ಲ.

ಜೊಂಡಿನ ಗುಡಿಸಲೊಳಗೆ ಮಾವ ಸಮಸಾಕ್ ಹಾಸಿಗೆ ಹಿಡಿದಿದ್ದ. ಕಣ್ಣು ಎಂದೋ ಹೋಗಿತ್ತು, ನಾಲಿಗೆ ಹೋಗಿರಲಿಲ್ಲ. ಸೊಸೆ ಬಲೆ ಹೆಣೆದ ಕಡೆ ಕಾಡುಹಂದಿಯೂ ತೂರಿಕೊಂಡು ಹೋಗುತ್ತದೆ ಎಂದು ದಿನಾ ಹಂಗಿಸುತ್ತಿದ್ದ. ಅವರಲ್ಲಿ ಗಂಡಸು ಸತ್ತರೆ ಅವನ ದೋಣಿಯನ್ನು ಎರಡಾಗಿ ಕಡಿದು, ಒಂದರಲ್ಲಿ ಮಲಗಿಸಿ, ಇನ್ನೊಂದನ್ನು ಮೇಲೆ ಮುಚ್ಚಿ, ಬಲೆಯಲ್ಲಿ ಅರ್ಧವನ್ನು ಜೊತೆಗಿಟ್ಟು ಹೂಳುವುದು ವಾಡಿಕೆ. ಈ ಮನೆಗಿದ್ದದ್ದು ಒಂದೇ ದೋಣಿ, ಮುದುಕ ಪ್ರಾಯದಲ್ಲಿ ತೊಗ್ರಾಕಿನಲ್ಲಿ ಕೊರೆದದ್ದು. ಇಲ್ಲಿ ಉಳಿದ ಮರಗಳೆಲ್ಲ ಟೊಳ್ಳು, ದೋಣಿಗೆ ಆಗುವಂಥವಲ್ಲ. ಹೊಸ ಕೆರೆಯ ದಡದಲ್ಲಿ ದಪ್ಪ ಮರ ಇದ್ದರೆ ಇನ್ನೊಂದು ಕೊರೆದುಕೊಳ್ಳಬಹುದು. ಇಲ್ಲದಿದ್ದರೆ ಮಕ್ಕಳಿಗೆ ಏನು ತಿನ್ನಿಸುವುದು? ಅದೊಂದೇ ಯೋಚನೆ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತುರ್ದಿ ಬಂದ. ಕೈಯಲ್ಲಿ ಒಂದು ತೊಗ್ರಾಕ್ ಟೊಂಗೆ. ನೀರು ಬೇಕಾದಷ್ಟಿದೆ, ದಡದ ತುಂಬ ತೊಗ್ರಾಕೇ ಎಂದ. ಅವಳ ಕಣ್ಣು ಎಲೆಗಳ ಮೇಲೆ ಹೋಯಿತು. ಎಲ್ಲವೂ ಸಪೂರ, ಉದ್ದ, ಥೇಟ್ ನೀರಂಜಿ ಎಲೆಯ ಹಾಗೆ. ಎಳೆಯ ತೊಗ್ರಾಕಿಗೆ ಬರುವುದು ಇಂಥದ್ದೇ ಎಲೆ; ಮರ ಬಲಿತ ಮೇಲೆ ನೆತ್ತಿಯಲ್ಲಿ ಅಗಲದ ದುಂಡು ಎಲೆ ಬರುತ್ತದೆ. ಬಲಿತ ಮರದಲ್ಲೂ ಬುಡದ ಕೊಂಬೆಗಳಲ್ಲಿ ಸಪೂರದ್ದು ಇರುತ್ತದಲ್ಲ, ಅದೇ ಇರಬಹುದು ಎಂದುಕೊಂಡು, ಯಾವ ಕೊಂಬೆಯದ್ದು ಎಂದು ಕೇಳಿದಳು. ತುರ್ದಿ ಮುಖ ತಿರುಗಿಸಿದ. ಮರದ ತುದಿಯದ್ದೇ ಅಂತೆ. ನೆಲದ ಮೇಲೆ ನಿಂತೇ ಬಗ್ಗಿಸಿ ಕಿತ್ತನಂತೆ. ಅಷ್ಟು ಎಳೆಯವು. ಆ ಮರಗಳಲ್ಲಿ ದೋಣಿ ಕೊರೆಯುವುದು ಮೊಮ್ಮಕ್ಕಳ ಕಾಲಕ್ಕೇ ಸರಿ.

"ಅಪ್ಪನಿಗೆ ಹೇಳ್ಬೇಡ," ಎಂದ ತುರ್ದಿ. "ಬಾಗಿಲ ಮರದ ಅಗಲದ ಎಲೆ ಕಿತ್ತು, ಅಲ್ಲಿಂದ ತಂದಿದ್ದು ಅಂತ ಕೈಗೆ ಕೊಡು. ನೆಮ್ಮದಿಯಾಗಿ ಹೋಗ್ಲಿ."

ಹಾಗಾದರೆ ದೋಣಿ ಏನು ಮಾಡುವುದು ಎಂದಳು. ಕಡಿಯಲೇಬೇಕು, ಹೆತ್ತಪ್ಪನನ್ನು ಬರಿಮಣ್ಣಿಗೆ ಹಾಕಿದವನು ಅನ್ನಿಸಿಕೊಳ್ಳಲಾರೆ ಎಂದ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಸಾಯುವವನ ಹತ್ತಿರ ಅವನ ದೋಣಿಯನ್ನು ಕೇಳುವುದು ಹೇಗೆ? ಅಗಲದ ಎಲೆಯನ್ನೇ ಕಿತ್ತುಕೊಂಡು ಒಳಗೆ ಹೋದಳು.

ಮುದುಕ ಎಲೆಯನ್ನು ಬೆರಳಲ್ಲಿ ಸವರಿ, ಮೂಸಿ, ನಕ್ಕ. "ಇದು ನಮ್ಮ ಬಾಗಿಲದ್ದು ಕಣೇ. ನಮ್ಮ ಧೂಳು ನಂಗೆ ಗೊತ್ತಾಗಲ್ವಾ? ಅವ್ನು ತಂದಿದ್ದು ಕೊಡು."

ಅವಳು ಟೊಂಗೆ ತಂದು ಕೊಟ್ಟಳು. ಅವನು ಎಲೆ ಎಲೆಯನ್ನೂ ಮುಟ್ಟಿ ನೋಡಿದ.

"ಹತ್ತಿ ಕಿತ್ನೋ, ನಿಂತು ಕಿತ್ನೋ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. "ನಿಂತು, ಮಾವ," ಎಂದಳು. "ತುದೀದು."

ಅವನು ಟೊಂಗೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಗೊಣಗಿದ: "ಬಾಗಿಲ ಮರ ಹೆಂಗೂ ಟೊಳ್ಳು. ಅದ್ರೊಳಗೆ ಹಾಕ್ರಿ ನನ್ನ. ಬಲೇಲಿ ಅರ್ಧ ಮಾತ್ರ ಬಿಡಲ್ಲ, ತಿಳೀತಾ?"

ದೋಣಿ ಉಳಿಯಿತಲ್ಲ ಎಂದು ಅವಳಿಗೆ ಮೊದಲು ಬಂದದ್ದು ಸಂತೋಷ. ಅದಕ್ಕೇ ನಾಚಿಕೆಯಾಗಿ ಹೊರಗೆ ಓಡಿ ಬಿಕ್ಕಿ ಬಿಕ್ಕಿ ಅತ್ತಳು.

ಕೆಲವೇ ದಿನಗಳಲ್ಲಿ ಸಮಸಾಕ್ ತೀರಿಕೊಂಡ. ತುರ್ದಿ ಅಳುತ್ತಲೇ ಬಾಗಿಲ ಮರ ಉರುಳಿಸಿ ಸೀಳಿದ. ರೋಜಿಖಾನ್ ಬಲೆಯನ್ನು ಹಾಸಿ ನೋಡಿದಳು. ಒಂದು ಅರ್ಧ ಮುದುಕ ಕಣ್ಣಿದ್ದಾಗ ಹೆಣೆದದ್ದು, ಒಂದು ಗಂಟೂ ಸಡಿಲಿರಲಿಲ್ಲ. ಇನ್ನೊಂದು ಅವಳದ್ದು, ತೇಪೆ ಹಾಕಿದಲ್ಲೆಲ್ಲ ತೂತು. ನಡುವೆ ಕತ್ತರಿಸಿ, ಗಟ್ಟಿಯಿದ್ದ ಅರ್ಧವನ್ನು ಅವನ ಮೈಮೇಲೆ ಹೊದಿಸಿದಳು. ತೂತಿನದ್ದನ್ನು ದೋಣಿಗೆ ಹಾಕಿಕೊಂಡು, ಮಕ್ಕಳನ್ನು ಕೂರಿಸಿ, ತುರ್ದಿ ಹುಟ್ಟು ಹಾಕುತ್ತಿರಲು ಹೊಸ ಕೆರೆಯ ದಾರಿಯುದ್ದಕ್ಕೂ ಹೆಣೆಯುತ್ತ ಹೋದಳು.