ಮೇಷ್ಟರ ದನಿ ಇಟ್ಟಿದ್ದ ಪೆಟ್ಟಿಗೆ

ಆ ತೆಳು ತಂತಿಯೊಂದು ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತೇ? ಇರಲಾರದು. ಕರೆಂಟು ಹೋದದ್ದು ಹೋಯಿತು, ಬ್ಯಾಟರಿ ಸತ್ತದ್ದು ಸತ್ತಿತು. ಮಾರುದ್ದದ ತಂತಿ ಅದಕ್ಕೇನು ಮಾಡೀತು? ಹಾಗಂದುಕೊಂಡಷ್ಟೂ ಅವನ ಕಣ್ಣು ಮೇಜಿನ ಖಾನೆಯತ್ತಲೇ ಹೋಗುತ್ತಿತ್ತು. ತಂತಿ ಅದರೊಳಗಿತ್ತು. ಎರಡು ತಿಂಗಳ ಹಿಂದೆ ಅವನೇ ಕಿತ್ತು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಒಳಗಿಟ್ಟಿದ್ದ.

ದನಿ ಮುದ್ರಿಸುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಗೋಡೆಗೆಲ್ಲ ಹಳೆ ಹಾಸಿಗೆಯ ಸ್ಪಂಜು ಬಡಿದ ಕೋಣೆ, ಒಂದು ಮೈಕು, ಮೂಲೆಯಲ್ಲಿ ಎರಡು ಡಿಸ್ಕುಗಳ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ. ಹನ್ನೊಂದು ವರ್ಷದ ಕೆಲಸವೆಲ್ಲ ಅದರೊಳಗೆ. ಅದರ ಕೆಳಗೆ ಒಂದು ಯುಪಿಎಸ್.

ಈಗ ಅದರ ಮುಂದೆ ಅವನ ಅಕ್ಕ ಮಂಡಿಯೂರಿ ಕೂತಿದ್ದಳು. ಆಸ್ಪತ್ರೆಯ ಯಂತ್ರಗಳಿಗೆ ಹಾಕಿದ ಬ್ಯಾಟರಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

"ಯುಪಿಎಸ್ ಬಾಯಿಗೆ ಟೇಪ್ ಹಚ್ಚಿದ್ದು ಯಾರೋ?"

"ನಾನೇ. ಕರೆಂಟ್ ಹೋದ್ರೆ ಕೀಂಯ್ ಕೀಂಯ್ ಅನ್ನುತ್ತೆ. ರೆಕಾರ್ಡಿಂಗ್‌ನಲ್ಲಿ ಬರುತ್ತಕ್ಕ."

"ಯುಪಿಎಸ್‌ನಿಂದ ಪೆಟ್ಟಿಗೆಗೆ ಒಂದು ತಂತಿ ಇರಬೇಕಲ್ಲ, ಅದು?"

"ಮೈಕಲ್ಲಿ ಗುಂಯ್ ಅಂತಿತ್ತು. ತೆಗೆದೆ."

"ಮೈಕಿನ ತಂತಿಗೆ ಅಂಟಿಸಿ ಎಳೆದ್ರೆ ಗುಂಯ್ ಅನ್ನದೆ ಜೋಗುಳ ಹಾಡುತ್ತಾ? ಇವೆರಡನ್ನೂ ಹೊರಗಿನ ಕೋಣೆಗೆ ಸರಿಸಿದ್ರೆ ಮುಗೀತಿತ್ತು."

"ಬ್ಯಾಟರಿ ಇರೋದು ಕರೆಂಟ್ ಇಲ್ಲದಾಗ ಕೆಲಸ ಮಾಡೋಕೆ ತಾನೇ?" ಅವನು ದನಿ ಏರಿಸಿದ.

"ಅಲ್ಲ ಕಣೋ. ಕೆಲಸ ನಿಲ್ಲಿಸೋಕೆ. ಈ ಪೆಟ್ಟಿಗೆ ಸದಾ ಏನಾದ್ರೂ ಬರೀತಾನೇ ಇರುತ್ತೆ, ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿ ಸಮೇತ. ಬ್ಯಾಟರಿ ಮುಗೀತಾ ಬಂತು, ಬರೆಯೋದು ಮುಗಿಸಿ ಮಲಗು ಅಂತ ಹೇಳೋದು ಆ ತಂತಿ. ನೀನು ಅದನ್ನೂ ಕಿತ್ತೆ, ಕೂಗೋ ಬಾಯಿಗೂ ಟೇಪ್ ಹಚ್ಚಿದೆ. ಬರೀತಾ ಇದ್ದಾಗಲೇ ಉಸಿರು ನಿಂತಿದೆ."

"ಎರಡು ಡಿಸ್ಕ್ ಇದೆಯಲ್ಲಕ್ಕ. ಒಂದು ಹೋದ್ರೆ ಇನ್ನೊಂದು..."

"ಎರಡೂ ಒಟ್ಟಿಗೇ ಬರೀತಿದ್ವು. ಒಟ್ಟಿಗೇ ಕೆಟ್ಟಿವೆ. ರಿಪೇರಿಯವರು ಏನಂದ್ರು?"

"ಹಳೇದು ಅರ್ಧಂಬರ್ಧ ಸಿಕ್ತು. ಮೇಷ್ಟರದ್ದು ಇಲ್ಲ."



ಮೇಷ್ಟರು ಬಂದಿದ್ದು ಗಂಟಲಿನ ಆಪರೇಷನ್‌ಗೆ ನಾಲ್ಕು ದಿನ ಮುಂಚೆ. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ ಎಂದು ಗೊತ್ತಿತ್ತು. ಮಗಳ ಹೊಟ್ಟೆಯಲ್ಲಿದ್ದ ಕೂಸಿಗೆಂದು ಮೂರು ದಿನ ಕೂತು ಕಥೆ ಹೇಳಿದರು. ಮೂರನೆಯ ಮಧ್ಯಾಹ್ನ ಕರೆಂಟು ಹೋಯಿತು. ಪಕ್ಕದ ಅಂಗಡಿಯ ಮರ ಕೊಯ್ಯುವ ಯಂತ್ರ ನಿಂತಿತು, ಬೀದಿಯೇ ಮೌನವಾಯಿತು. ದನಿ ಮುದ್ರಿಸುವವನಿಗೆ ಅಂಥ ಮೌನ ಸಿಗುವುದು ಅಪರೂಪ. "ನಿಲ್ಲಿಸ್ಬೇಡಿ ಮೇಷ್ಟ್ರೇ, ಈಗಲೇ ಚೆನ್ನಾಗಿ ಬರೋದು," ಎಂದ. ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ದನಿಯೆಲ್ಲ ನೇರ ಪೆಟ್ಟಿಗೆಗೆ ಹೋಗುತ್ತಿತ್ತು. ಯುಪಿಎಸ್ ಕೂಗಿಕೊಂಡಿತೋ ಏನೋ, ಯಾರಿಗೂ ಕೇಳಿಸಲಿಲ್ಲ. ಪೆಟ್ಟಿಗೆಯ ದೀಪ ಆರಿತು. ಕರೆಂಟು ಬಂತು, ಪೆಟ್ಟಿಗೆ ತಾನಾಗಿ ಎದ್ದಿತು, ನಿಮಿಷದೊಳಗೆ ಕರೆಂಟು ಮತ್ತೆ ಹೋಯಿತು. ಆಮೇಲೆ ಅದು ಸರಿಯಾಗಿ ಏಳಲೇ ಇಲ್ಲ.

ಅಕ್ಕ ಇನ್ನೂ ಅಲ್ಲೇ ಇದ್ದಾಗ, ಹನ್ನೊಂದು ಗಂಟೆಗೆ ಮೇಷ್ಟರೂ ಅವರ ಹೆಂಡತಿಯೂ ಬಂದರು. ಮೇಷ್ಟರ ಕತ್ತಿಗೆ ಬಿಳಿ ಬಟ್ಟೆ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು. ಅವರು ಸ್ಪಂಜಿನ ಗೋಡೆಯನ್ನೊಮ್ಮೆ ಸವರಿ, ಹಿಂದೆ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು.

"ಮಗು ಹುಟ್ಟಿತು ಕಣಪ್ಪ," ಎಂದರು ಹೆಂಡತಿ. "ಹೆಣ್ಣು. ಕೊಡು, ಇವತ್ತೇ ಕೇಳಿಸ್ಬೇಕು."

ಕಿವಿಯಣ್ಣ ಬಾಯಿ ತೆರೆದ. "ಅಮ್ಮಾ, ಅವತ್ತು ಕರೆಂಟ್ ಹೋಯ್ತಲ್ಲ... ಪೆಟ್ಟಿಗೆ ಕೆಟ್ಟೋಯ್ತು. ಉಳಿದಿರೋದು ಲ್ಯಾಪ್‌ಟಾಪಲ್ಲಿ ಇದೊಂದೇ."

ಗುಂಡಿ ಒತ್ತಿದ. ಮೊದಲ ದಿನ ಮೈಕು ಪರೀಕ್ಷಿಸುವಾಗಿನ ದನಿ. ಒಂದರಿಂದ ಹತ್ತೊಂಬತ್ತರವರೆಗೆ ಎಣಿಸಿ, ಮೇಷ್ಟರು ನಕ್ಕಿದ್ದರು: "ಇಷ್ಟು ಸಾಕೇನಪ್ಪ, ಇಲ್ಲ ಮಗ್ಗಿ ಹೇಳ್ಲಾ?"

ಮುಗಿಯಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಾಳಾದ ಕರೆಂಟು," ಎಂದರು ಕೊನೆಗೆ. "ನೀನಾದ್ರೂ ಏನು ಮಾಡ್ತೀಯ, ಬಿಡು."

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ.

ಮೇಷ್ಟರು ನೋಟ್‌ಬುಕ್ಕಿನಲ್ಲಿ ಏನೋ ಬರೆದು ಅವನತ್ತ ತಿರುಗಿಸಿದರು. ದುಂಡಗಿನ ಅಕ್ಷರ: "ಮಗ್ಗಿ ಹೇಳಿಬಿಡಬೇಕಿತ್ತು."

ಅವರು ಹೋದ ಮೇಲೆ ಅವನು ಯುಪಿಎಸ್ಸನ್ನೂ ಪೆಟ್ಟಿಗೆಯನ್ನೂ ಹೊರಗಿನ ಕೋಣೆಗೆ ಎತ್ತಿಟ್ಟ. ಉಗುರಿನಿಂದ ಟೇಪು ಕೆರೆದ. ಹೊಸ ಡಿಸ್ಕು ಹಾಕಿದ ದಿನ ಅಕ್ಕ ಬಂದು ತಂತಿ ಸಿಕ್ಕಿಸಿದಳು. ಕರೆಂಟು ಹೋದ ಐದು ನಿಮಿಷಕ್ಕೆ ಪೆಟ್ಟಿಗೆ ತಾನೇ ಶಟ್‌ಡೌನ್ ಆಗಿ ಮುಚ್ಚಿಕೊಳ್ಳುವಂತೆ, ಬ್ಯಾಟರಿ ಮತ್ತೆ ತುಂಬುವವರೆಗೆ ಏಳದಂತೆ ಸೆಟ್ಟಿಂಗ್ ಮಾಡಿದಳು. ಇನ್ನೂ ಖಾಲಿ ಇದ್ದಾಗಲೇ ಗೋಡೆಯ ಪ್ಲಗ್ಗು ಕಿತ್ತು ಪರೀಕ್ಷಿಸಿದರು. ಯುಪಿಎಸ್ ಕೂಗಿತು. ಐದು ನಿಮಿಷಕ್ಕೆ ಡಿಸ್ಕು ನಿಂತಿತು, ದೀಪಗಳು ಒಂದೊಂದಾಗಿ ಆರಿದವು.

"ಇಷ್ಟೇನಾ ಅಕ್ಕ?"

"ಇಷ್ಟೇ."

ಓದುತ್ತಿರುವವರೇ, ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಅಂಥದೊಂದು ಪೆಟ್ಟಿಗೆ ಇದ್ದರೆ ಇವತ್ತೇ ಅದರ ಹಿಂಭಾಗ ನೋಡಿ. ಯುಪಿಎಸ್‌ನಿಂದ ಅದಕ್ಕೆ ಆ ತೆಳು ತಂತಿ ಇದೆಯೇ? ಇಲ್ಲದಿದ್ದರೆ ಹಾಕಿಸಿ, ತಾನೇ ಮುಚ್ಚಿಕೊಳ್ಳುವ ಸೆಟ್ಟಿಂಗ್ ಮಾಡಿಸಿ. ಅಲ್ಲಿಯವರೆಗೆ ಕರೆಂಟು ಹೋದ ಕೂಡಲೇ ಕೆಲಸ ಬಿಟ್ಟು, ನೀವೇ ಪೆಟ್ಟಿಗೆಯನ್ನು ಕ್ರಮವಾಗಿ ಶಟ್‌ಡೌನ್ ಮಾಡಿ. ಸುಮ್ಮನೆ ಪ್ಲಗ್ಗು ಕೀಳಬೇಡಿ. ಯುಪಿಎಸ್ ಕೂಗಿದರೆ ಕೂಗಲು ಬಿಡಿ. ಬ್ಯಾಟರಿಗೂ ಮುಪ್ಪು ಬರುತ್ತದೆ, ಆಗಾಗ ಪರೀಕ್ಷಿಸಿ. ಮತ್ತೆ ಸಿಗದಂಥದ್ದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.

ಕಿವಿಯಣ್ಣ ಈಗ ಬಂದವರಿಗೆಲ್ಲ ಇದನ್ನು ಹೇಳುತ್ತಾನೆ. ಆ ತಂತಿ ಕಿತ್ತಿದ್ದು ತಾನೇ ಎಂದು ಮೇಷ್ಟರಿಗೆ ಮಾತ್ರ ಅವನು ಹೇಳಲೇ ಇಲ್ಲ.