ಡಬರಿಯ ತಳದ ಕಾಸು

ಕಟಕಟ, ಕಟಕಟ, ಡಬರಿಯ ತಳದಲ್ಲಿ ಕಾಸು ಕುಣಿಯುತ್ತಿದೆ, ಅದು ಕುಣಿಯುತ್ತಿರುವಷ್ಟು ಹೊತ್ತು ಚಿಂತೆಯಿಲ್ಲ, ನೀರಿದೆ ಎಂದೇ ಅರ್ಥ, ಸದ್ದು ನಿಂತಿತೋ ನೀರು ಬತ್ತಿತು, ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ತಮಾಲೆ ಕಡುಬುಗಳೆಲ್ಲ ಸೀದು ಹೋಗುತ್ತವೆ, ಕ್ರಿಸ್‌ಮಸ್ಸಿಗೆ ಬೀದಿಗೆಲ್ಲ ಹಂಚಬೇಕಾದದ್ದು — ಕಿವಿ ಅಲ್ಲೇ ಇರಲಿ ಎಂದು ಓರ್ತೆನ್ಸಿಯಾ ತನಗೆ ತಾನೇ ಹೇಳಿಕೊಂಡಳು, ಕೈಗಳೇನೋ ತಮ್ಮ ಪಾಡಿಗೆ ನೆನೆಸಿದ ಜೋಳದ ಸಿಪ್ಪೆಗೆ ಹಿಟ್ಟು ಸವರುತ್ತಿದ್ದವು, ಎದುರಿಗೆ ಅಣ್ಣ ರೋಹೆಲಿಯೊ ಅದರ ಮೇಲೆ ಖಾರದ ಹಂದಿಮಾಂಸ ಇಡುತ್ತಾನೆ, ಅತ್ತಿಗೆ ನೆಲ್ದಾ ಮಡಚುತ್ತಾಳೆ, ಒಲೆಯ ಬಳಿ ತೀಯಾ ಚೋನಿತಾ, ಅಮ್ಮನ ಅಕ್ಕ, ಅಮ್ಮ ಹೋದಮೇಲೆ ಅಮ್ಮನೇ, ಏಪ್ರನ್ ಕಟ್ಟಿಕೊಂಡು ಎಲ್ಲರ ಮೇಲೂ ಕಣ್ಣಿಟ್ಟು ಕೂತಿದ್ದಾಳೆ. ಡಿಸೆಂಬರ್ ಅಂತ ಹೆಸರಿಗೆ, ಮೆಕ್ಸಿಕೋ ಗಡಿಯ ಹಾರ್ಲಿಂಜನ್‌ನಲ್ಲಿ ಇನ್ನೂ ಫ್ಯಾನ್ ತಿರುಗುತ್ತಿದೆ. ಸಿಪ್ಪೆ ಮುಗಿಯಿತು, ತರಲು ಎದ್ದಳು, ಮೇಜಿಗೂ ಫ್ರಿಜ್ಜಿಗೂ ನಡುವೆ ಹೊಟ್ಟೆ ಎಳೆದುಕೊಂಡು, ಅಡ್ಡಡ್ಡವಾಗಿ ಜರುಗುತ್ತ ದಾಟಿದಳು, ಅಯ್ಯೋ ನಿನ್ನ, ಅಲ್ಲಿ ನಿನ್ನಂಥೋರು ಇಬ್ರು ಕೈ ಕೈ ಹಿಡ್ಕೊಂಡು ಹೋಗ್ಬೋದು ಕಣೇ ಎಂದು ನೆಲ್ದಾ ನಕ್ಕಳು, ಹೌದಲ್ಲ, ಹೋಗಬಹುದು, ಕಾಲಿಗೆ ಗೊತ್ತಾಗಿದೆ, ಮೊಣಕಾಲಿಗೆ ಗೊತ್ತಾಗಿದೆ, ತಲೆಗೆ ಮಾತ್ರ ಯಾರೂ ಹೇಳಿದಂತಿಲ್ಲ, ತಲೆಯೊಳಗೆ ಆ ಹಳೆಯ ದಪ್ಪ ಹೆಂಗಸು ಇನ್ನೂ ಅಷ್ಟೇ ಜಾಗ ಹಿಡಿದು ಕೂತಿದ್ದಾಳೆ.

ಒಳ್ಳೆಯದೇ ಆಗಿದೆ, ಒಳ್ಳೆಯದಾಗಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು, ತೂಕ ಇಳಿಯಲೆಂದು ಹೊಟ್ಟೆಯನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸಿದ ಆ ಡಾಕ್ಟರಿಗೆ ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ, ಸಕ್ಕರೆ ಕಾಯಿಲೆ ಹೊರಟುಹೋಯಿತು, ಸೂಜಿ ಬಿಟ್ಟಿತು, ಬಗ್ಗಿ ತನ್ನ ಬೂಟಿನ ದಾರವನ್ನು ತಾನೇ ಕಟ್ಟಿಕೊಂಡ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು, ಎಷ್ಟು ವರ್ಷಗಳ ಮೇಲೆ ಕಂಡ ದಾರ — ನೀನೆಷ್ಟು ಖುಷಿಯಾಗಿರಬೇಕಲ್ಲವಾ ಎಂದು ಚರ್ಚಿನಲ್ಲಿ, ಅಂಗಡಿಯಲ್ಲಿ, ಸ್ಕೂಲ್ ಬಸ್ ಡಿಪೋದಲ್ಲಿ ಕಂಡವರೆಲ್ಲ ಕೇಳುತ್ತಾರೆ, ಹ್ಞೂಂ ಎನ್ನುತ್ತಾಳೆ, ಹ್ಞೂಂ ಎಂದು ಹೇಳಿ ಹೇಳಿ ಸುಸ್ತಾಗಿದ್ದಾಳೆ. ಮೊದಲು ದುಃಖವಾದರೆ ತಿನ್ನುತ್ತಿದ್ದಳು, ಸಂತೋಷವಾದರೂ ತಿನ್ನುತ್ತಿದ್ದಳು, ಗಂಡ ಬಿಟ್ಟುಹೋದ ರಾತ್ರಿ ಸಿಹಿ ಬ್ರೆಡ್ಡಿನ ಡಬ್ಬಿಯೇ ತಲೆ ನೇವರಿಸಿ ಮಲಗಿಸಿತ್ತು, ಈಗ ಮೂರು ತುತ್ತಿಗೆ ಹೊಟ್ಟೆ ಸಾಕು ಎನ್ನುತ್ತದೆ, ಆಮೇಲೆ ದುಃಖಕ್ಕೆ ಹೋಗಲು ಜಾಗವೇ ಇಲ್ಲ, ಮನೆಯೊಳಗೇ ಅಡ್ಡಾಡಿಕೊಂಡಿರುತ್ತದೆ. ಅದರ ಮೇಲೆ ಹೆಸರಿನ ಕಥೆ ಬೇರೆ. ಈ ಮನೆಯಲ್ಲಿ ಅವಳನ್ನು ಓರ್ತೆನ್ಸಿಯಾ ಎಂದು ಕರೆದವರು ಯಾರಿದ್ದರು, ಅದು ಆಸ್ಪತ್ರೆಯವರು ಕೂಗುವ ಹೆಸರು, ಮನೆಗೆ ಅವಳು ಗೋರ್ದಾ, ಡುಮ್ಮಿ, ತೊಟ್ಟಿಲಲ್ಲೇ ಅಂಟಿದ ಮುದ್ದಿನ ಹೆಸರು, ಗೋರ್ದಾ ಬಾ, ಗೋರ್ದಾ ತಾ, ಗೋರ್ದಾ ನಕ್ಕರೆ ನದಿಯಾಚೆ ಮೆಕ್ಸಿಕೋದಲ್ಲಿ ನಾಯಿ ಬೊಗಳುತ್ತೆ ಎಂದು ಅಪ್ಪ ರೇಗಿಸುತ್ತಿದ್ದ — ಆಪರೇಷನ್ ಆಗಿ ಮನೆಗೆ ಬಂದ ದಿನ ರೋಹೆಲಿಯೊ ಎಲ್ಲರನ್ನೂ ಕೂರಿಸಿ, ಇನ್ಮೇಲೆ ಅವಳನ್ನ ಯಾರೂ ಹಾಗನ್ಬೇಡಿ, ಪಾಪ, ಇಷ್ಟು ಕಷ್ಟಪಟ್ಟಿದ್ದಾಳೆ, ಮನಸ್ಸಿಗೆ ನೋವಾಗುತ್ತೆ ಎಂದನಂತೆ, ಪ್ರೀತಿಯಿಂದಲೇ ಅಂದದ್ದು, ಅವನ ಮೇಲೆ ಸಿಟ್ಟಿಲ್ಲ, ಎಲ್ಲರೂ ನಾಲಿಗೆ ಕಚ್ಚಿ ಕಚ್ಚಿ ಅಭ್ಯಾಸ ಮಾಡಿಕೊಂಡರು, ಗೋರ್ದಾ ಸತ್ತಳು, ಶವಪೆಟ್ಟಿಗೆಯಿಲ್ಲ, ಹೂವಿಲ್ಲ, ಅಳುವವರಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಕಟಕಟ, ಕಟಕಟ, ನೀರಿದೆ.

ಇವತ್ತು ಹೇಳಬೇಕು. ಹೇಳಿಯೇ ಹೇಳುತ್ತೇನೆ ಎಂದು ಮಿಸ್ ಒಲಿವಾರೆಸ್‌ಗೆ ಮಾತು ಕೊಟ್ಟು ಬಂದಿದ್ದಾಳೆ, ಪುಣ್ಯಾತ್ಗಿತ್ತಿ, ಆಸ್ಪತ್ರೆಯ ಆಪ್ತ ಸಲಹೆಗಾರ್ತಿ, ಅಕ್ಟೋಬರಿನಲ್ಲಿ ಆಕೆ ಫೋನ್ ಎತ್ತದೆ ಹೋಗಿದ್ದರೆ — ಅಂದು ಓರ್ತೆನ್ಸಿಯಾ ಸಿಹಿ ಬ್ರೆಡ್ಡಿನ ಅಂಗಡಿಯ ಎದುರು ಕಾರು ನಿಲ್ಲಿಸಿ ಕೂತಿದ್ದಳು, ಎಂಜಿನ್ ಆರಿಸಿರಲಿಲ್ಲ, ಒಳಗೆ ಕೊಳ್ಳಲು ಏನೂ ಇಲ್ಲ, ಒಬ್ಬಳೇ ಇರುವ ಮನೆಯಲ್ಲಿ ಕಾಯುವವರಿಲ್ಲ, ನಾನು ಇಲ್ಲದೆ ಹೋದರೆ ಯಾರಿಗೆ ಗೊತ್ತಾದೀತು, ಗೋರ್ದಾ ಹೇಗೂ ಹೋಗಿಯಾಯಿತು, ಉಳಿದ ಈ ಓರ್ತೆನ್ಸಿಯಾ ಯಾರಿಗೆ ಬೇಕು ಎಂಬ ಯೋಚನೆ ತಣ್ಣಗೆ ಪಕ್ಕದ ಸೀಟಿನಲ್ಲಿ ಬಂದು ಕೂತಿತ್ತು, ಅದಕ್ಕೇ ಹೆದರಿ ಫೋನ್ ಮಾಡಿದ್ದು. ನಿಮ್ಮೊಬ್ಬರಿಗೇ ಅಲ್ಲ, ಬಹಳ ಜನಕ್ಕೆ ಹೀಗಾಗುತ್ತೆ, ಹೊಟ್ಟೆಗೆ ಆಪರೇಷನ್ ಆದ್ರೆ ಮನಸ್ಸಿಗೂ ಆರೈಕೆ ಬೇಕು, ನನ್ನ ಹತ್ರ ಹೇಳಿದ್ರಿ, ಇನ್ನು ಮನೆಯೋರಲ್ಲಿ ಒಬ್ಬರಿಗಾದ್ರೂ ಬಾಯಿಬಿಟ್ಟು ಹೇಳಿ ಎಂದಿದ್ದಳು ಆಕೆ. ಹೇಗೆ ಹೇಳುವುದು, ಇಷ್ಟೆಲ್ಲ ಒಳ್ಳೆಯದಾದಮೇಲೆ, ಕೊಬ್ಬು ಎನ್ನರೇ, ಅದೂ ತಮಾಲೆ ಬೇಯುವ ದಿನ, ಅಡುಗೆಮನೆಯಲ್ಲಿ ಒಬ್ಬರು ಮುನಿಸಿಕೊಂಡಿದ್ದರೂ ತಮಾಲೆ ಬೇಯುವುದಿಲ್ಲ ಎನ್ನುತ್ತಾರೆ, ಒಂದು ವರ್ಷ ಸಂಜೆಯಾದರೂ ಹಿಟ್ಟು ಹಸಿಹಸಿ, ಅಮ್ಮ ಸೌಟು ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರ್ಯಾರು ಯಾರ್ಯಾರ ಮೇಲೆ ಮುನಿಸ್ಕೊಂಡಿದೀರಿ, ಈಗ್ಲೇ ಒದರಿ ಎಂದು ಗದರಿದ್ದಳು, ಇಬ್ಬರು ಮಾವಂದಿರು ತಬ್ಬಿಕೊಂಡು ಅತ್ತ ಮೇಲೆ ಬೆಂದಿತು, ದೇವರಾಣೆ ಬೆಂದಿತು, ಇವತ್ತು ಬೇಯದಿದ್ದರೆ ನನ್ನಿಂದಲೇ, ನಾನು ಮುನಿಸಿಕೊಂಡಿಲ್ಲ ಅಮ್ಮಾ, ಯಾರ ಮೇಲೂ ಇಲ್ಲ, ನನಗೆ ನಾನೇ ಸಿಕ್ಕುತ್ತಿಲ್ಲ ಅಷ್ಟೇ, ಕಾರಿನ ಆ ಸೀಟು, ಆ ಬಿಸಿಲು, ಆ —

ಗೋರ್ದಾ! ನೀರೇ!

ಬಂದೇ, ಎಂದು ಬಾಯಿ ತಾನಾಗಿಯೇ ಕೂಗಿತ್ತು, ಕಾಲು ತಾನಾಗಿಯೇ ಎದ್ದಿತ್ತು, ಕಾಸು ಯಾವಾಗ ಸುಮ್ಮನಾಯಿತು, ಕೇಳಲೇ ಇಲ್ಲವಲ್ಲ, ಹುಡುಗಿಯಾಗಿದ್ದಾಗಿನಿಂದ ಕಾಸಿಗೆ ಕಿವಿಗೊಟ್ಟು ನೀರು ಹೊಯ್ಯುವುದು ಅವಳದೇ ಕೆಲಸ, ಕೆಟಲ್ ಹಿಡಿದು ಮೇಜಿಗೂ ಫ್ರಿಜ್ಜಿಗೂ ನಡುವೆ ನೆಟ್ಟಗೆ, ಎದೆಯೊಡ್ಡಿ ಓಡಿ ಬಂದಿದ್ದಳು, ಒಲೆ ಮುಟ್ಟಿದ ಮೇಲೆ ಗೊತ್ತಾಯಿತು, ಅಡ್ಡಡ್ಡ ತಿರುಗುವುದೇ ಮರೆತಿತ್ತು. ತೀಯಾ! ಎಂದು ರೋಹೆಲಿಯೊ ಕಣ್ಣರಳಿಸಿದ, ಏನಂತ ಕರೆದೆ ನೀನು, ಹಾಗನ್ಬೇಡ ಅಂದಿರ್ಲಿಲ್ವಾ? ಸುಮ್ನಿರೋ ನೀನು, ಬಾಯಿ ತಪ್ಪಿ ಬಂತು, ಬಂದಿದ್ದು ಒಳ್ಳೇದೇ ಆಯ್ತು ಎಂದಳು ಮುದುಕಿ, ಆವಿಯಲ್ಲಿ ಅವಳ ಕನ್ನಡಕ ಮಂಜಾಗಿತ್ತು, ಡಬರಿಯ ಅಂಚಿನಿಂದ ನೀರು ಹೊಯ್ಯುವ ಓರ್ತೆನ್ಸಿಯಾಳ ಮೊಣಕೈ ಹಿಡಿದುಕೊಂಡಳು, ಸಣ್ಣ ದನಿಯಲ್ಲಿ ಕೇಳಿದಳು, ಮೀಹಾ, ಮಗಳೇ, ಈ ಕಾಸು ಸುಮ್ನಾದ್ರೆ ಕೂತಲ್ಲಿಂದ್ಲೇ ಕಿರುಚ್ತೀನಿ ನೋಡು, ನೀನು ಎಷ್ಟು ತಿಂಗಳಾಯ್ತು ಸುಮ್ನಾಗಿ, ನಗೂನೂ ಇಲ್ಲ, ಜಗಳಾನೂ ಇಲ್ಲ, ನಾನು ಬಾಯಿ ಮುಚ್ಕೊಂಡು ಕೂತಿದ್ದೆ, ಇವನ ಮಾತು ಕೇಳ್ಕೊಂಡು, ಒಳಗೆ ನೀರು ಬತ್ತಿಹೋಗಿದ್ಯೇನೇ, ಗೋರ್ದಾ? — ಎಷ್ಟು ದಿನದ ಮೇಲೆ, ದೇವರೇ, ನನ್ನನ್ನು ನನ್ನದೇ ಹೆಸರಿನಿಂದ ಕರೆದರು, ಈ ಕೈಗೆ, ಈ ಮಂಜು ಕನ್ನಡಕಕ್ಕೆ ಏನು ಕೊಟ್ಟರೆ ಸಾಲ ತೀರೀತು, ಹೌದು ತೀಯಾ, ಎಂದಳು, ಅಕ್ಟೋಬರಿನಲ್ಲಿ ಒಂದಿನ ಕಾರಲ್ಲಿ ಕೂತಿದ್ದೆ, ನಾನಿಲ್ಲದೆ ಹೋದ್ರೇನೇ ಒಳ್ಳೇದು ಅನ್ನಿಸ್ತು, ಎಂದಳು, ಅಷ್ಟೂ ಹೇಳಿದಳು, ಗಟ್ಟಿಯಾಗಿಯೇ, ನೆಲ್ದಾಳ ಕೈ ಮಡಿಕೆಯಲ್ಲೇ ನಿಂತಿತು, ರೋಹೆಲಿಯೊನ ಕುರ್ಚಿ ಸರಿಯಿತು, ಅವನ ಖಾರದ ಕೈ ಬಂದು ಅವಳ ಹೆಗಲ ಮೇಲೆ ಕೂತಿತು, ಮುಚ್ಚಳ ಮುಚ್ಚಿ ನಾಲ್ವರೂ ಡಬರಿಯನ್ನೇ ನೋಡುತ್ತ ನಿಂತರು, ಹೊಸ ನೀರು, ಕಾಯಬೇಕು, ತಳದ ಕತ್ತಲಲ್ಲಿ ಆ ತಾಮ್ರದ ಕಾಸು, ಸುಮ್ಮನೆ, ಇನ್ನೂ ಸುಮ್ಮನೆ, ಆಮೇಲೆ ಒಮ್ಮೆ, ಕಟ್ — ಕಾಸು —